ಹುಣಸೆ ಬೀಜದ ಲೆಕ್ಕ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಐರೋಲಿಯ ಕಚೇರಿಯಲ್ಲಿದ್ದಾಗ ಡೊಂಬಿವಲಿಯ ಮನೆಯಿಂದ ಫೋನ್ ಬಂತು. ಅತ್ತೆಯವರ ದನಿ. ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತಷ್ಟೆ, ಹೊಸ ಕನ್ನಡಕ ಇನ್ನೂ ಬಂದಿರಲಿಲ್ಲ. ಸಕ್ಕರೆ ನೋಡುವ ಯಂತ್ರದ ಅಂಕಿ ಅವರಿಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿದ್ದ ನನ್ನ ಮಗಳಿಗೆ ಓದಲು ಹೇಳಿದ್ದಾರೆ. ಅವಳು ಒಂದನೇ ತರಗತಿ. "ವನ್, ಫೋರ್, ಸಿಕ್ಸ್" ಎಂದಿದ್ದಾಳೆ. "ಕನ್ನಡದಲ್ಲಿ ಹೇಳು ಮಗಾ" ಎಂದರೆ "ಒಂದು, ನಾಲ್ಕು, ಆರು" ಎಂದಿದ್ದಾಳೆ. ಅತ್ತೆ ಮನಸ್ಸಿನಲ್ಲೇ ಮೂರನ್ನೂ ಕೂಡಿಸಿ ನನಗೆ ಕೇಳಿದರು: "ಹನ್ನೊಂದು ಸಕ್ಕರೆ ಇರುವುದುಂಟಾ ಮಾರಾಯ್ತಿ? ನಾನು ಬದುಕಿದ್ದೇನಾ ಇಲ್ಲವಾ?"

ಆ ಕ್ಷಣಕ್ಕೆ ನಕ್ಕೆ. ಸಂಜೆ ಲೋಕಲ್‌ನಲ್ಲಿ ನಿಂತುಕೊಂಡು ಬರುವಾಗ ನಗು ಉಳಿದಿರಲಿಲ್ಲ. ಅತ್ತೆಗೆ ನೂರ ನಲವತ್ತಾರು ಎಂದರೆ ಗೊತ್ತು, ವನ್ ಫಾರ್ಟಿಸಿಕ್ಸ್ ಗೊತ್ತಿಲ್ಲ. ಮಗಳಿಗೆ ಹತ್ತರ ಮೇಲೆ ಕನ್ನಡದ ಒಂದು ಸಂಖ್ಯೆಯೂ ಬರುವುದಿಲ್ಲ. ದಿನಕ್ಕೆ ಎಂಟು ಗಂಟೆ ಇಬ್ಬರೇ ಇರುವ ಮನೆಯಲ್ಲಿ, ಸಂಖ್ಯೆ ಎಂಬ ಅಷ್ಟು ಮುಖ್ಯವಾದ ಸಂಗತಿಯಲ್ಲಿ ಅವರಿಬ್ಬರ ನಡುವೆ ಮಾತೇ ಇರಲಿಲ್ಲ.

ಅದೇ ರಾತ್ರಿ ಇನ್ನೊಂದು ಪ್ರಸಂಗ ನಡೆಯಿತು. ಶಾಲೆಯ ವರ್ಕ್‌ಶೀಟಿನಲ್ಲಿ ಇಪ್ಪತ್ತು ಕೂಡಿಸುವ ಲೆಕ್ಕಗಳು. ಮೊದಲನೆಯದೇ 7 + 5. ಮಗಳು ಬೆರಳು ಮಡಚತೊಡಗಿದಳು. ಡೈರಿಯಲ್ಲಿ "ಬೆರಳೆಣಿಕೆ ಬಿಡಿಸಿ" ಎಂಬ ಸೂಚನೆ ಬಂದಿತ್ತು, ಹಾಗಾಗಿ ನಾನು ಕೈ ಹಿಡಿದು ಕೆಳಗಿಳಿಸಿದೆ. ಅವಳು ಹನ್ನೊಂದು ಬರೆದಳು, ಅಳಿಸಿದಳು, ಹದಿಮೂರು ಬರೆದಳು. ನಾನು ಗದರಿದೆ. ಅವಳು ಪೆನ್ಸಿಲ್ ಕೆಳಗಿಟ್ಟು, ಅಳದೆ, ಬಹಳ ಶಾಂತವಾಗಿ "ಅಮ್ಮಾ, ನಂಗೆ ಮ್ಯಾಥ್ಸ್ ಬರಲ್ಲ" ಎಂದಳು. ಆರು ವರ್ಷದ ಮಗು ತನ್ನ ಬಗ್ಗೆ ಅಂಥದ್ದೊಂದು ತೀರ್ಮಾನಕ್ಕೆ ಬಂದಿರುವುದನ್ನು ಕೇಳಿ ನನ್ನ ಕೋಪ ಇಳಿದುಹೋಯಿತು.

ಅಡುಗೆಮನೆಯಿಂದ ಎಲ್ಲವನ್ನೂ ಕೇಳುತ್ತಿದ್ದ ಅತ್ತೆ ಏನೂ ಹೇಳಲಿಲ್ಲ. ಮರುದಿನ ನಾನು ಕಚೇರಿಯಿಂದ ಬಂದಾಗ ಹಾಲ್‌ನ ನೆಲದ ಮೇಲೆ ಅಜ್ಜಿ, ಮೊಮ್ಮಗಳು ಎದುರುಬದುರು ಕೂತಿದ್ದರು. ನಡುವೆ ಒಂದು ಇಡ್ಲಿ ತಟ್ಟೆ, ಒಂದು ಮುಷ್ಟಿ ತೊಳೆದೊಣಗಿಸಿದ ಹುಣಸೆ ಬೀಜ.

ಚೆನ್ನೆಮಣೆಯ ನಾಲ್ಕು

ಅತ್ತೆ ಕಾರ್ಕಳದ ಕಡೆಯವರು. ಆಟಿ ತಿಂಗಳ ಬಿಡದ ಮಳೆಯಲ್ಲಿ ಚೆನ್ನೆಮಣೆ ಆಡಿ ಬೆಳೆದವರು. ಘಟ್ಟದ ಮೇಲಿನವರು ಅಳಗುಳಿಮಣೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಮಣೆ ಎಲ್ಲಿಂದ ಬರಬೇಕು? ನಾಲ್ಕು ಗುಳಿಯ ಇಡ್ಲಿ ತಟ್ಟೆಗಳು ಮೂರು ಇದ್ದವು. ಅವನ್ನೇ ಸಾಲಾಗಿಟ್ಟು ಹನ್ನೆರಡು ಗುಳಿಯ ಆಟ ಮಾಡಿಕೊಂಡಿದ್ದರು.

ನಾನು ಅದನ್ನು ಆಟವೆಂದೇ ಭಾವಿಸಿದ್ದೆ. ವಾರ ಕಳೆಯುವಷ್ಟರಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮಗಳು ಗುಳಿಯಲ್ಲಿರುವ ನಾಲ್ಕು ಬೀಜವನ್ನು ಎಣಿಸುತ್ತಿರಲಿಲ್ಲ, ನೋಡಿದೊಡನೆ "ನಾಲ್ಕು" ಎನ್ನುತ್ತಿದ್ದಳು. ಮನುಷ್ಯನ ಕಣ್ಣು ಮೂರು ನಾಲ್ಕು ವಸ್ತುಗಳವರೆಗೆ ಎಣಿಸದೆಯೇ ಗುರುತಿಸುತ್ತದೆ, ಅದಕ್ಕಿಂತ ಹೆಚ್ಚಾದರೆ ಎಣಿಸಲೇಬೇಕು. ಗುಳಿಗೆ ನಾಲ್ಕು ಎಂಬ ನಿಯಮ ಮಾಡಿದ ಹಿರಿಯರಿಗೆ ಇದು ಗೊತ್ತಿತ್ತೋ ಇಲ್ಲವೋ, ಆಟ ಮಾತ್ರ ಆ ಮಿತಿಗೆ ಸರಿಯಾಗಿ ಹೊಂದಿಕೊಂಡಿದೆ. ನಾಲ್ಕಿರುವ ಗುಳಿಗೆ ಒಂದು ಬೀಜ ಬಿದ್ದರೆ ಐದು, ಇನ್ನೊಂದು ಬಿದ್ದರೆ ಆರು. ಮೊದಲಿನಿಂದ ಎಣಿಸುವ ಅಗತ್ಯವಿಲ್ಲ, ಇದ್ದದ್ದರ ಮೇಲೆ ಮುಂದಕ್ಕೆ ಹೋದರಾಯಿತು. ಕೂಡುವ ಲೆಕ್ಕದ ಜೀವವೇ ಅದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಊರಿನಿಂದ ಬೀಜ ತರಿಸುವವರು ಕಪ್ಪು ಚುಕ್ಕೆಯ ಕೆಂಪು ಗುಲಗಂಜಿಯನ್ನು ಮಕ್ಕಳ ಕೈಗೆ ಕೊಡಬೇಡಿ. ನೋಡಲು ಚಂದ, ಆದರೆ ಒಡೆದು ನುಂಗಿದರೆ ಅದು ವಿಷ. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಹುಣಸೆ ಬೀಜ, ನಾಣ್ಯ, ಗುಂಡಿ ಯಾವುದೂ ನೆಲದ ಮೇಲೆ ಉಳಿಯಬಾರದು. ಬಾಟಲಿಯ ದೊಡ್ಡ ಮುಚ್ಚಳ, ಚಮಚ, ಬಟ್ಟೆಯ ಕ್ಲಿಪ್ ಸಾಕು.

ಥಾಣೆಯ ಟೀಚರ್ ಹೇಳಿದ ಮೆಟ್ಟಿಲುಗಳು

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾಗಿ ಈಗ ಥಾಣೆಯಲ್ಲಿರುವ ಪರಿಚಯದ ಟೀಚರ್ ಒಬ್ಬರಿದ್ದಾರೆ. ನನ್ನ ಅಳಲನ್ನು ಅವರ ಮುಂದೆ ತೋಡಿಕೊಂಡೆ. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ನೀನು ಏಳು ಎಂದು ಬರೆದು ತೋರಿಸಿದೆಯಾ, ಏಳು ಏನನ್ನಾದರೂ ಅವಳ ಕೈಗೆ ಕೊಟ್ಟೆಯಾ?"

ಅವರ ಪ್ರಕಾರ ಮಗು ಮೂರು ಮೆಟ್ಟಿಲು ಹತ್ತಬೇಕು. ಮೊದಲು ಕೈಯಲ್ಲಿ ಹಿಡಿಯುವ ವಸ್ತು. ಆಮೇಲೆ ವಸ್ತುವಿನ ಚಿತ್ರ, ಚುಕ್ಕೆ ಅಥವಾ ಗೆರೆ. ಕೊನೆಗೆ ಅಂಕಿ ಮತ್ತು ಚಿಹ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಇದೇ ಕ್ರಮವನ್ನು ವಿವರಿಸಿದ್ದರು. ಮಾರಿಯಾ ಮಾಂಟೆಸ್ಸರಿಯವರ ಮಣಿಸರಗಳು, ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ಯೂಸೆನೇರ್ ಮಾಡಿದ ಬಣ್ಣದ ಕೋಲುಗಳು ಇವುಗಳ ಹಿಂದಿರುವುದೂ ಇದೇ ಯೋಚನೆ. ನಮ್ಮ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಬೆಂಗಳೂರಿನ ಅಕ್ಷರ ಫೌಂಡೇಷನ್‌ನ "ಗಣಿತ ಕಲಿಕಾ ಆಂದೋಲನ"ದ ಮೂಲಕ ಗಣಿತದ ಪೆಟ್ಟಿಗೆಗಳು ಹೋಗಿರುವುದೂ ಇದಕ್ಕೇ. ಟೀಚರ್ ಮಾತಿನಲ್ಲಿ ಹೇಳುವುದಾದರೆ, "ಶಾಲೆಯವರಿಗೆ ಪಾಠ ಮುಗಿಸುವ ಗಡಿಬಿಡಿ, ನೇರ ಮೂರನೇ ಮೆಟ್ಟಿಲಿಗೆ ಎತ್ತಿ ನಿಲ್ಲಿಸುತ್ತಾರೆ. ಮಗು ಬೀಳುತ್ತದೆ. ನಾವು ಮಗು ದಡ್ಡ ಎನ್ನುತ್ತೇವೆ."

ಬೆರಳಿನ ವಿಷಯಕ್ಕೂ ಅವರು ಸ್ಪಷ್ಟವಾಗಿದ್ದರು. ಬೆರಳು ಮಗು ಹುಟ್ಟುವಾಗಲೇ ತಂದ ಹತ್ತು ಕಾಯಿಗಳು. ಅದನ್ನು ಕಿತ್ತುಕೊಳ್ಳಬೇಡಿ. ಬೇಕಿಲ್ಲವಾದಾಗ ಮಗುವೇ ಬಿಡುತ್ತದೆ. ನಿಜವೂ ಹೌದು. ಅತ್ತೆ ಇಂದಿಗೂ ಹಾಲಿನ ಲೆಕ್ಕವನ್ನು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಮಾಡುತ್ತಾರೆ, ಒಂದು ಪೈಸೆ ತಪ್ಪುವುದಿಲ್ಲ.

ಆಮೇಲೆ ಅವರು ಒಂದು ಪರೀಕ್ಷೆ ಹೇಳಿಕೊಟ್ಟರು. ಆರು ಬೀಜಗಳ ಎರಡು ಸಾಲು ಎದುರುಬದುರಾಗಿ ಇಡಿ. ಮಗು ಎರಡೂ ಸಮ ಎನ್ನುತ್ತದೆ. ಈಗ ಮಗುವಿನ ಕಣ್ಣೆದುರೇ ಒಂದು ಸಾಲನ್ನು ದೂರದೂರಕ್ಕೆ ಸರಿಸಿ "ಯಾವುದು ಹೆಚ್ಚು?" ಎಂದು ಕೇಳಿ. ನಾಲ್ಕೈದು ವರ್ಷದ ಅನೇಕ ಮಕ್ಕಳು ಉದ್ದದ ಸಾಲನ್ನು ತೋರಿಸುತ್ತಾರೆ. ಸ್ವಿಸ್ ವಿದ್ವಾಂಸ ಜಾನ್ ಪಿಯಾಜೆ ಪ್ರಸಿದ್ಧಗೊಳಿಸಿದ ಪರೀಕ್ಷೆ ಇದು. ನನ್ನ ಮಗಳು ಸರಿಯಾಗಿ ಹೇಳಿದಳು. ಕೆಳಗಿನ ಮಹಡಿಯ ನಾಲ್ಕೂವರೆ ವರ್ಷದ ಹುಡುಗ ಉದ್ದದ ಸಾಲಿಗೆ ಕೈ ಮಾಡಿದ. ಅಂಥ ಮಗುವಿಗೆ ಕೂಡುವ ಲೆಕ್ಕ ಹೇಳಿಕೊಡಲು ಅವಸರ ಬೇಡ. ತಟ್ಟೆಗೊಂದು ಲೋಟ, ಲೋಟಕ್ಕೊಂದು ಚಮಚ ಇಡಲು ಹೇಳಿ. ಎಷ್ಟು ಜನ ಊಟಕ್ಕೆ ಕೂರುತ್ತೇವೆ, ಎಷ್ಟು ತಟ್ಟೆ ಬೇಕು ಎಂದು ಕೇಳಿ. ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.

ಏಳಕ್ಕೆ ಐದು

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಈಗ ಐದಾರು ಮಕ್ಕಳು ಸೇರುತ್ತಾರೆ. ಒಂದು ತುಳು ಮನೆಯ ಹುಡುಗ, ಒಬ್ಬಳು ಹುಬ್ಬಳ್ಳಿ ಕಡೆಯವಳು, ಇಬ್ಬರು ಮರಾಠಿ ಮಕ್ಕಳು. ಇದು ಶಾಲೆಯಲ್ಲ, ಮುಕ್ಕಾಲು ಗಂಟೆ ಆಟ, ಆಮೇಲೆ ಅತ್ತೆಯ ನೀರುದೋಸೆ. ಅಲ್ಲಿ ನಾನು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಪ್ರಯತ್ನಿಸಬಹುದು.

ಏಳು ಬೀಜ ಒಂದು ತಟ್ಟೆಯಲ್ಲಿ, ಐದು ಇನ್ನೊಂದರಲ್ಲಿ. ಎರಡನ್ನೂ ಸೇರಿಸಿ ಎಷ್ಟು ಎಂದರೆ ಮೊದಮೊದಲು ಮಗು ಎಲ್ಲವನ್ನೂ ಒಂದರಿಂದ ಎಣಿಸುತ್ತದೆ. ಎಣಿಸಲಿ. ಕೆಲವು ದಿನದ ನಂತರ ಏಳು ಬೀಜವಿರುವ ತಟ್ಟೆಯ ಮೇಲೆ ಒಂದು ಬಟ್ಟಲು ಕವುಚಿ. "ಒಳಗೆ ಎಷ್ಟಿದೆ?" "ಏಳು." "ಹಾಗಾದರೆ ಮುಂದೆ?" "ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು." ಬಟ್ಟಲು ಮುಚ್ಚಿರುವುದರಿಂದ ಮೊದಲಿನಿಂದ ಎಣಿಸಲು ಸಾಧ್ಯವೇ ಇಲ್ಲ. ಕವುಚಿದ ಒಂದು ಬಟ್ಟಲು ನನ್ನ ಮೂರು ವಾರದ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡಿತು.

ಇಲ್ಲೊಂದು ತಪ್ಪು ಸಾಮಾನ್ಯ. ಮಗು ಏಳನ್ನೇ ಮತ್ತೊಮ್ಮೆ ಎಣಿಸಿ "ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು" ಎನ್ನುತ್ತದೆ, ಒಂದು ಕಡಿಮೆ ಬರುತ್ತದೆ. ಆ ರಾತ್ರಿ ನನ್ನ ಮಗಳು ಬರೆದ ಹನ್ನೊಂದು ಇದೇ ತಪ್ಪು ಇರಬೇಕು. ನಾನು ಗದರುವ ಬದಲು ಹೇಗೆ ಎಣಿಸಿದೆ ಎಂದು ಕೇಳಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮಗುವಿನ ತಪ್ಪು ಉತ್ತರಕ್ಕೆ ಬಹುತೇಕ ಒಂದು ಕಾರಣ ಇರುತ್ತದೆ.

ಮುಂದಿನದು ತಿರುವು ಹಾಕುವುದು. 2 + 9 ಬಂದಾಗ ಎರಡರಿಂದ ಹೊರಟು ಒಂಬತ್ತು ಹೆಜ್ಜೆ ನಡೆಯುವುದೇಕೆ? ತಟ್ಟೆಗಳನ್ನು ಅದಲುಬದಲು ಮಾಡಿ. ಬೀಜ ಹೆಚ್ಚಿತೇ, ಕಡಿಮೆಯಾಯಿತೇ? ಇಲ್ಲ. ಹಾಗಾದರೆ ಒಂಬತ್ತರಿಂದ ಹೊರಟು ಎರಡೇ ಹೆಜ್ಜೆ. ಈ ಗುಟ್ಟು ತಿಳಿದ ದಿನ ಮಕ್ಕಳ ಮುಖ ನೋಡಬೇಕು, ಯಾರಿಗೋ ಮೋಸ ಮಾಡಿ ಗೆದ್ದ ಹಾಗೆ ನಗುತ್ತಾರೆ.

ಅದರ ನಂತರ ಬರುವುದು ಹತ್ತು ತುಂಬಿಸುವ ಆಟ. ಮೂವತ್ತು ಮೊಟ್ಟೆಯ ರಟ್ಟಿನ ಟ್ರೇಯಿಂದ ಐದೈದರ ಎರಡು ಸಾಲು ಕತ್ತರಿಸಿದರೆ ಹತ್ತು ಗುಳಿ ಸಿಗುತ್ತದೆ. ಮೊಟ್ಟೆ ತರದ ಮನೆಯವರು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಹತ್ತು ಚೌಕ ಎಳೆಯಿರಿ. ಎಂಟು ಬೀಜ ಗುಳಿಗಳಲ್ಲಿ, ಐದು ಕೈಯಲ್ಲಿ. ಎರಡು ಗುಳಿ ಖಾಲಿ ಕಾಣುತ್ತವೆ. ಕೈಯಿಂದ ಎರಡು ತುಂಬಿದರೆ ಹತ್ತಾಯಿತು, ಕೈಯಲ್ಲಿ ಮೂರು ಉಳಿಯಿತು. ಹದಿಮೂರು. 8 + 5 ಎಂಬುದು 10 + 3 ಆಗಿ ಬದಲಾಗುವುದನ್ನು ಮಗು ಕಣ್ಣಾರೆ ನೋಡುತ್ತದೆ. ದೊಡ್ಡವರಾದ ಮೇಲೆ ನಾವು ತಲೆಯಲ್ಲಿ ಮಾಡುವ ಲೆಕ್ಕಗಳಲ್ಲಿ ಹೆಚ್ಚಿನವು ಹೀಗೆ ಹತ್ತು ತುಂಬಿಸುವ ಲೆಕ್ಕಗಳೇ.

ನಾಣ್ಯಗಳನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಐದು ರೂಪಾಯಿಯ ನಾಣ್ಯ ಒಂದೇ ಇದ್ದರೂ ಅದು ಐದು ಎಂಬುದು ಪುಟ್ಟ ಮಗುವಿಗೆ ಕಷ್ಟ. ಅದು ಕೈಗೆ ಸಿಗುವ ವಸ್ತುವಾದರೂ ಅರ್ಧ ಚಿಹ್ನೆಯೇ.

ಸ್ಲೋ ಲೋಕಲ್, ಫಾಸ್ಟ್ ಲೋಕಲ್

ನಮ್ಮ ಮಕ್ಕಳಿಗೆ ಇನ್ನೊಂದು ಸಾಧನ ಬಿಟ್ಟಿಯಾಗಿ ಸಿಕ್ಕಿದೆ. ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಥಾಣೆಯಲ್ಲಿ. ನಮ್ಮ ಆಟವೂ ಥಾಣೆಯಿಂದಲೇ ಶುರು. ಎಂಟು ಮುಚ್ಚಳ ಸಾಲಾಗಿ ಜೋಡಿಸಿ: ಥಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ್. ಥಾಣೆಯಲ್ಲಿ ಹತ್ತಿದವರಿಗೆ ಡೊಂಬಿವಲಿ ಎಷ್ಟನೇ ನಿಲ್ದಾಣ?

ಮಕ್ಕಳು ಥಾಣೆಗೇ "ಒಂದು" ಎನ್ನುತ್ತಾರೆ. "ಮಗಾ, ರೈಲು ಇನ್ನೂ ಹೊರಟೇ ಇಲ್ಲ" ಎಂದು ಅತ್ತೆ ನೆನಪಿಸುತ್ತಾರೆ. ಹೊರಡದ ರೈಲು ಸೊನ್ನೆ. ಕಳವಾ ಒಂದು, ಡೊಂಬಿವಲಿ ಐದು. ಅಲ್ಲಿಂದ ಎರಡು ಮುಂದೆ ಹೋದರೆ ಕಲ್ಯಾಣ್, ಏಳು. 5 + 2 = 7 ಎಂಬುದನ್ನು ದಿನಾ ಬೆವರು ಸುರಿಸಿ ಪ್ರಯಾಣಿಸುವ ಅಪ್ಪ ಅಮ್ಮಂದಿರ ಮಕ್ಕಳಿಗೆ ಬೇರೆ ವಿವರಿಸಬೇಕಾಗಿಲ್ಲ. ಸ್ಲೋ ಲೋಕಲ್ ಎಂದರೆ ಒಂದೊಂದೇ ಎಣಿಸುವುದು, ಫಾಸ್ಟ್ ಲೋಕಲ್ ಎಂದರೆ ಐದಕ್ಕೆ ಒಂದೇ ಜಿಗಿತ. "ಅಮ್ಮಾ, ನಾನು ಈಗ ಫಾಸ್ಟ್‌ನಲ್ಲಿ ಕೂಡಿಸಿದೆ" ಎಂದು ಮಗಳು ಹೇಳಿದಾಗ ಮುಂದುವರಿಸಿ ಎಣಿಸುವುದು ಅವಳದ್ದಾಯಿತು ಎಂದುಕೊಂಡೆ.

ನವಿ ಮುಂಬಯಿಯವರು ಟ್ರಾನ್ಸ್‌ಹಾರ್ಬರ್ ಮಾರ್ಗ ತೆಗೆದುಕೊಳ್ಳಿ. ಥಾಣೆ ಬಿಟ್ಟರೆ ಐರೋಲಿ, ರಬಾಳೆ, ಘಣಸೋಲಿ, ಕೋಪರ್‌ಖೈರಣೆ, ತುರ್ಭೆ, ಸಾನ್‌ಪಾಡಾ, ವಾಶಿ. ಏಳು. 2024ರ ಜನವರಿಯಲ್ಲಿ ಐರೋಲಿಗೆ ಮೊದಲು ದಿಘಾಗಾಂವ್ ನಿಲ್ದಾಣ ತೆರೆಯಿತು, ಈಗ ಎಂಟು. ರೈಲ್ವೆಯವರೇ ಒಂದು ಕೂಡಿಸಿ ತೋರಿಸಿದ್ದಾರೆ.

ಕಲ್ಯಾಣದ ಹುಡುಗ, ಕೋಪರ್‌ಖೈರಣೆಯ ಹುಡುಗ

ವಸ್ತು ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಎರಡು ಉದಾಹರಣೆ ನನ್ನ ಕಣ್ಣೆದುರಿಗೇ ಇವೆ.

ಕಲ್ಯಾಣದಲ್ಲಿ ನಮ್ಮ ದೂರದ ಸಂಬಂಧಿಯೊಬ್ಬರು ಚಿಕ್ಕ ಉಪಾಹಾರಗೃಹ ನಡೆಸುತ್ತಾರೆ. ಅವರ ಎಂಟು ವರ್ಷದ ಮಗ ಸಂಜೆ ಗಲ್ಲೆಯ ಪಕ್ಕ ಕೂತಿರುತ್ತಾನೆ. ಎರಡು ಚಹಾ, ಒಂದು ವಡೆ, ಒಂದು ಉಪ್ಪಿಟ್ಟು ಎಂದರೆ ಅಪ್ಪನಿಗಿಂತ ಮೊದಲು ಮೊತ್ತ ಹೇಳುತ್ತಾನೆ. ಅದೇ ಲೆಕ್ಕವನ್ನು ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದುಕೊಟ್ಟರೆ ಕೈ ನಡುಗುತ್ತದೆ. ಕೋಪರ್‌ಖೈರಣೆಯ ಗೆಳತಿಯ ಮಗ ಇದಕ್ಕೆ ತದ್ವಿರುದ್ಧ. ಕ್ಲಾಸಿಗೆ ಹೋಗಿ ಮೂರಂಕಿಯ ಲೆಕ್ಕವನ್ನು ಪಟಪಟನೆ ಮಾಡುತ್ತಾನೆ. ಆದರೆ ಮನೆಗೆ ನಾಲ್ಕು ಜನ ನೆಂಟರು ಬಂದರೆ ಒಟ್ಟು ಎಷ್ಟು ಚಪಾತಿ ಬೇಕು ಎಂದರೆ ಅಮ್ಮನ ಮುಖ ನೋಡುತ್ತಾನೆ.

ಇದು ನಮ್ಮ ಎರಡು ಮನೆಯ ಕಥೆ ಮಾತ್ರವಲ್ಲ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರ ಒಂದು ಅಧ್ಯಯನ ಪ್ರಕಟವಾಯಿತು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮುಂತಾದವನ್ನು ಮಾರುವ ಮಕ್ಕಳು ವ್ಯಾಪಾರದ ಜಟಿಲ ಲೆಕ್ಕವನ್ನು ಬಾಯಲ್ಲೇ ಮಾಡಿದರು, ಶಾಲೆಯ ರೂಪದಲ್ಲಿ ಬರೆದ ಅದಕ್ಕಿಂತ ಸುಲಭದ ಲೆಕ್ಕದಲ್ಲಿ ಎಡವಿದರು. ಶಾಲೆಗೆ ಹೋಗುವ, ವ್ಯಾಪಾರ ಮಾಡದ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರು, ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಒಂದು ಕಡೆಯ ಜಾಣತನ ತಾನಾಗಿ ಇನ್ನೊಂದು ಕಡೆಗೆ ದಾಟುವುದಿಲ್ಲ.

ಸೇತುವೆಯನ್ನು ನಾವೇ ಕಟ್ಟಬೇಕು. ಹಾಗಾಗಿ ಈಗ ನಮ್ಮ ಆಟಕ್ಕೆ ಒಂದು ನಿಯಮ ಇದೆ. ಬೀಜದಲ್ಲಿ ಮಾಡಿದ್ದನ್ನು ಬಾಯಲ್ಲಿ ಹೇಳಬೇಕು: "ಎಂಟಿತ್ತು, ಐದು ಬಂತು, ಹದಿಮೂರಾಯಿತು." ಆಮೇಲೆ ಸ್ಲೇಟಿನಲ್ಲಿ ಚುಕ್ಕೆ ಇಟ್ಟು ತೋರಿಸಬೇಕು. ಆಮೇಲೆ ಪಕ್ಕದಲ್ಲಿ 8 + 5 = 13 ಎಂದು ಬರೆಯಬೇಕು. ಕೆಲವೊಮ್ಮೆ ತಿರುಗಿಸಿ ಆಡುತ್ತೇವೆ. ನಾನು 6 + 3 ಎಂದು ಬರೆಯುತ್ತೇನೆ, ಮಕ್ಕಳು ಅದಕ್ಕೊಂದು ಕಥೆ ಕಟ್ಟಬೇಕು. "ಆರು ಜನ ಲಿಫ್ಟಿನಲ್ಲಿದ್ದರು, ಮೂರು ಜನ ನುಗ್ಗಿದರು, ವಾಚ್‌ಮನ್ ಬೈದ" ಎಂದ ಕೆಳಮನೆಯ ಹುಡುಗ. ಲೆಕ್ಕ ಸರಿ ಇತ್ತು.

ವೀಸ ಏಕವೋ, ಏಕವೀಸವೋ

ಹತ್ತರ ಮೇಲಿನ ಸಂಖ್ಯೆಗಳಿಗೆ ಬಂದಾಗ ನಮಗೊಂದು ಅನಿರೀಕ್ಷಿತ ಲಾಭ ಸಿಕ್ಕಿತು. ಅದು ಕನ್ನಡ.

ಇಲ್ಲಿಯವರಿಗೆ ನೆನಪಿರಬಹುದು. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ಇಪ್ಪತ್ತೊಂದನ್ನು "ಏಕವೀಸ" ಎನ್ನುವ ಬದಲು "ವೀಸ ಏಕ" ಎಂದು ಓದುವ ಕ್ರಮ ಬಂದಾಗ ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. ಭಾಷೆ ಕೆಡುತ್ತದೆ ಎಂದರು ಹಲವರು, ವಿಧಾನಸಭೆಯಲ್ಲೂ ಚರ್ಚೆಯಾಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದವರು 2023ರಲ್ಲಿ ತೀರಿಕೊಂಡ ಗಣಿತಜ್ಞೆ ಮಂಗಲಾ ನಾರಳೀಕರ್. ಅವರ ಕಡೆಯ ವಾದ ಸರಳವಾಗಿತ್ತು. ಮರಾಠಿಯಲ್ಲಿ 25ಕ್ಕೆ "ಪಂಚವೀಸ", ಎಂದರೆ ಐದು ಮೊದಲು, ಇಪ್ಪತ್ತು ಆಮೇಲೆ. ಬರೆಯುವಾಗ ಎರಡು ಮೊದಲು, ಐದು ಆಮೇಲೆ. ಮಗು ಕೇಳಿದ ಕ್ರಮದಲ್ಲಿ ಬರೆದರೆ 52 ಆಗಿಬಿಡುತ್ತದೆ. 29 ಎಂದರೆ "ಏಕೋಣತೀಸ", ಮೂವತ್ತಕ್ಕೆ ಒಂದು ಕಡಿಮೆ.

ಆ ಚರ್ಚೆಯಲ್ಲಿ ಯಾರ ಪರ ನಿಲ್ಲಬೇಕೆಂಬುದು ಮರಾಠಿಯವರಿಗೆ ಬಿಟ್ಟದ್ದು. ಅವರ ಭಾಷೆಯ ಸಂಖ್ಯೆಗಳಿಗೆ ಅವರದೇ ಚೆಲುವಿದೆ, ಕೊಂಕಣಿ ಮನೆಮಾತಿನ ನಮ್ಮವರೂ ಹಾಗೆಯೇ ಎಣಿಸುತ್ತಾರೆ. ಆದರೆ ನಾವು ಮನೆಯಲ್ಲಿ ಮರೆಯುತ್ತಿರುವ ಕನ್ನಡದಲ್ಲಿ ಈ ತೊಡಕೇ ಇಲ್ಲವಲ್ಲ ಎಂದು ನನಗೆ ಹೊಳೆದದ್ದು ಹುಣಸೆ ಬೀಜದ ಮುಂದೆ ಕೂತ ಮೇಲೆ.

ಹನ್ನೊಂದು ಎಂದರೆ ಹತ್ತು ಮತ್ತು ಒಂದು. ಹದಿಮೂರು ಎಂದರೆ ಹತ್ತು ಮತ್ತು ಮೂರು. ಇಂಗ್ಲಿಷಿನ ಇಲೆವನ್, ಟ್ವೆಲ್ವ್‌ಗಳಲ್ಲಿ ಹತ್ತು ಎಲ್ಲಿದೆಯೆಂದು ಮಗುವಿಗೆ ಕೇಳಿಸುವುದೇ ಇಲ್ಲ. ಥರ್ಟೀನ್, ಫೋರ್ಟೀನ್‌ಗಳಲ್ಲಿ ಬಿಡಿ ಅಂಕಿ ಮುಂದೆ ಬರುತ್ತದೆ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಮೂರು ಹತ್ತು, ನಲವತ್ತು, ಐವತ್ತು, ಅರವತ್ತು ಎಲ್ಲದರ ಒಳಗೂ ಹತ್ತು ಕೂತಿದೆ. ತೊಂಬತ್ತು ಮಾತ್ರ ಸ್ವಲ್ಪ ಬೇರೆ ದಾರಿ. ಇಪ್ಪತ್ತೊಂಬತ್ತು ಎಂದರೆ ಇಪ್ಪತ್ತು ಮತ್ತು ಒಂಬತ್ತು. ತುಳುವಿನಲ್ಲೂ ಹಾಗೆಯೇ, ಪತ್ತ್, ಪತ್ತೊಂಜಿ. ನಮ್ಮ ಸಂಖ್ಯೆಯ ಹೆಸರುಗಳೇ ಕೂಡುವ ಲೆಕ್ಕಗಳು.

ಅತ್ತೆ ಹಳೆಯ ಹಿಡಿಸೂಡಿ ಬಿಚ್ಚಿ ಕಡ್ಡಿಗಳನ್ನು ಮುರಿದು, ಹತ್ತು ಹತ್ತರ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದರು. ಎರಡು ಕಟ್ಟು, ಎಂಟು ಬಿಡಿ ಕಡ್ಡಿ: ಇಪ್ಪತ್ತೆಂಟು. ಒಂದು ಕಟ್ಟು, ನಾಲ್ಕು ಬಿಡಿ: ಹದಿನಾಲ್ಕು. ಸೇರಿಸಿದರೆ ಮೂರು ಕಟ್ಟು, ಹನ್ನೆರಡು ಬಿಡಿ. ಹನ್ನೆರಡರಲ್ಲಿ ಹತ್ತಕ್ಕೆ ಇನ್ನೊಂದು ರಬ್ಬರ್ ಬ್ಯಾಂಡ್. ನಾಲ್ಕು ಕಟ್ಟು, ಎರಡು ಬಿಡಿ, ನಲವತ್ತೆರಡು. ನಾವು ಶಾಲೆಯಲ್ಲಿ "ದಶಕ ಕೈಯಲ್ಲಿ" ಎಂದು ಬಾಯಿಪಾಠ ಹೇಳಿಕೊಂಡದ್ದರ ಅರ್ಥ ಇಷ್ಟೇ, ಹತ್ತಾಯಿತು, ಕಟ್ಟು ಕಟ್ಟು. ನನಗೆ ಅದು ಸರಿಯಾಗಿ ಅರ್ಥವಾದದ್ದು ಮೂವತ್ತೇಳನೇ ವಯಸ್ಸಿನಲ್ಲಿ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಊರಿನ ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಅಳತೆಗೆ "ಒಂದು" ಎನ್ನದೆ "ಲಾಭ" ಎನ್ನುವ ರೂಢಿ ಇದೆ. ಲಾಭ, ಎರಡು, ಮೂರು ಎಂದು ಮುಂದುವರಿಯುತ್ತದೆ. ಅತ್ತೆ ಅದನ್ನೂ ಮಕ್ಕಳಿಗೆ ಕಲಿಸಿಬಿಟ್ಟಿದ್ದಾರೆ. ಈಗ ಮರಾಠಿ ಮನೆಯ ಹುಡುಗಿಯೂ ಬೀಜ ಎಣಿಸುವಾಗ "ಲಾಭ" ಎಂದೇ ಶುರು ಮಾಡುತ್ತಾಳೆ. ಅವಳ ಅಜ್ಜಿಗೆ ಆಶ್ಚರ್ಯ, ಅವರ ಊರಿನಲ್ಲೂ ಧಾನ್ಯ ಅಳೆಯುವಾಗ ಹಾಗೆಯೇ ಹೇಳುತ್ತಿದ್ದರಂತೆ.

ಅಜ್ಜಿಗೆ ಕೆಲಸ

ಮಹಾನಗರದ ಫ್ಲ್ಯಾಟುಗಳಲ್ಲಿ ಊರಿನಿಂದ ಬಂದ ಅಜ್ಜ ಅಜ್ಜಿಯರ ಸ್ಥಿತಿ ನಮಗೆಲ್ಲ ಗೊತ್ತಿದೆ. ಮಗುವನ್ನು ಬಸ್ಸಿಗೆ ಬಿಡುವುದು, ಕುಕ್ಕರಿನ ಸೀಟಿ ಎಣಿಸುವುದು. ಓದಿನ ವಿಷಯ ಬಂದರೆ "ಅದು ಇಂಗ್ಲಿಷ್ ಮೀಡಿಯಂ, ನಿಮಗೆ ಗೊತ್ತಾಗಲ್ಲ" ಎಂದು ನಾವೇ ಅವರನ್ನು ಬದಿಗೆ ಸರಿಸುತ್ತೇವೆ. ನಾನೂ ಹೇಳಿದ್ದೆ, ಒಂದಲ್ಲ, ಹಲವು ಸಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅತ್ತೆ ಅದನ್ನು ಒಪ್ಪಿಕೊಂಡೂ ಬಿಟ್ಟಿದ್ದರು. ಆದರೆ ಕೂಡುವ ಲೆಕ್ಕಕ್ಕೆ ಯಾವ ಮೀಡಿಯಂ? ಆರು ವರ್ಷದ ಮಗುವಿಗೆ ಬೇಕಾದದ್ದು ಅವಸರವಿಲ್ಲದ ಒಬ್ಬ ಮನುಷ್ಯ ಮತ್ತು ಒಂದು ಹಿಡಿ ಬೀಜ. ಬೀಜ ನನ್ನ ಬಳಿಯೂ ಇತ್ತು, ಅವಸರವಿಲ್ಲದ ಸಮಯ ಇದ್ದದ್ದು ಅತ್ತೆಯ ಬಳಿ.

ಮಗಳು ಈಗ ಗಣಿತದಲ್ಲಿ ತರಗತಿಗೇ ಮೊದಲಿಗಳಾಗಿದ್ದಾಳೆ ಎಂದು ಬರೆದು ಕಥೆ ಮುಗಿಸುವಂತಿಲ್ಲ. ಆಗಿಲ್ಲ. ಕಳೆಯುವ ಲೆಕ್ಕ ಇನ್ನೂ ಕುಂಟುತ್ತಿದೆ. ವರ್ಕ್‌ಶೀಟ್ ಮುಗಿಸಲು ಈಗಲೂ ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕು, ಕಷ್ಟವಾದರೆ ಮೇಜಿನ ಕೆಳಗೆ ಬೆರಳು ಮಡಚುತ್ತಾಳೆ, ನಾನು ನೋಡದವಳಂತೆ ಇರುತ್ತೇನೆ. ಆದರೆ "ನಂಗೆ ಬರಲ್ಲ" ಎಂಬ ಮಾತು ಆಮೇಲೆ ಕೇಳಿಲ್ಲ. "ತಡಿ, ಬೀಜ ತರ್ತೀನಿ" ಎನ್ನುತ್ತಾಳೆ.

ಕಳೆದ ವಾರ ಮಧ್ಯಾಹ್ನ ಅತ್ತೆಗೆ ನಾನೇ ಫೋನ್ ಮಾಡಿ ಸಕ್ಕರೆ ನೋಡಿದಿರಾ ಎಂದು ಕೇಳಿದೆ. ಹೊಸ ಕನ್ನಡಕ ಬಂದು ತಿಂಗಳುಗಳೇ ಆಗಿವೆ, ಅವರಿಗೇ ಓದಲು ಬರುತ್ತದೆ. ಆದರೂ ಅವರು ಹೇಳಲಿಲ್ಲ. "ಇರು, ಅವಳೇ ಹೇಳ್ತಾಳೆ" ಎಂದು ಫೋನ್ ಮಗಳಿಗೆ ಕೊಟ್ಟರು.

ಸ್ವಲ್ಪ ಹೊತ್ತು ಮೌನ. ಆಮೇಲೆ ಒಂದೊಂದೇ ಕಟ್ಟು ಜೋಡಿಸುವವಳಂತೆ ನಿಧಾನವಾಗಿ, "ನೂರ... ಮೂವತ್ತು... ನೂರ ಮೂವತ್ತೆರಡು."

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಸರಿ ಉಂಟು."